ಅಡ್ಡ ಹಿಡಿದ ಫೋನು

ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಹದಿನೊಂದು ವರ್ಷ
ಲಗ್ನಪತ್ರಿಕೆ ಜೋಡಿಸಿದವಳು ನಾನು.
ಕಾಗದಕ್ಕೊಂದು ಅಗಲ, ಕೊನೆಯವರೆಗೂ ಅದೇ.
ವರನ ತಾತನ ಹೆಸರು ಉದ್ದವಾದರೆ
ಅಕ್ಷರವನ್ನು ಕೊಂಚ ಕುಗ್ಗಿಸಿ
ಗಣಪತಿಯನ್ನು ಒಂದು ನೂಲು ಮೇಲೆತ್ತಿದರೆ ಮುಗಿಯಿತು.
ಅಚ್ಚಾದ ಮೇಲೆ ಯಾರೂ ಪತ್ರಿಕೆಯನ್ನು ಕಿರಿದು ಮಾಡಿ
ಈಗ ಹೇಗೆ ಕೂರುತ್ತೀಯ ನೋಡೋಣ ಎನ್ನುತ್ತಿರಲಿಲ್ಲ.

ಈಗ ಎನ್ನುತ್ತಾರೆ.

ಶ್ರೀರಾಮಪುರದ ಹೆರಿಗೆ ಆಸ್ಪತ್ರೆಯ ಪುಟ
ಡಾಕ್ಟರಮ್ಮನ ಮೇಜಿನ ಮೇಲೆ ಮೊಳದಗಲ,
ಸಿಸ್ಟರ್ ಫ್ಲೋರಿನ್ ಹಿಡಿದ ಟ್ಯಾಬಿನಲ್ಲಿ ಗೇಣು,
ಕಾಯುವ ಬೆಂಚಿನ ಕೈಗಳಲ್ಲಿ ನಾಲ್ಕು ಬೆರಳು.
ಅದೇ ಪುಟ. ಅದೇ ‘ಸ್ತ್ರೀರೋಗ ತಜ್ಞೆ’.
ನಾಲ್ಕು ಬೆರಳಿನಲ್ಲಿ ಸ್ತ್ರೀ ಒಂದು ಸಾಲು, ರೋಗ ಇನ್ನೊಂದು;
ತಕಾರ ರಕಾರದ ಒತ್ತುಗಳು ಕೆಳಗಿನ ಗೆರೆಗೆ ಸಿಕ್ಕಿ
ಪಾದ ಕತ್ತರಿಸಿಕೊಂಡು ನಿಂತವು.

ಸ್ಕ್ರಿಪ್ಟು ಬರೆದೆ.
ಕಿಟಕಿಯೇ, ನಿನ್ನ ಅಗಲವೆಷ್ಟು?
ಆರುನೂರಕ್ಕಿಂತ ಕಡಿಮೆಯೋ, ಹಾಗಾದರೆ
ಮೂರು ಕಾಲಮ್ಮು ಒಂದಾಗಲಿ, ಮೆನು ಮಡಚಿಕೊಳ್ಳಲಿ,
ಡಾಕ್ಟರಮ್ಮ ರಿಬ್ಬನ್ ಕತ್ತರಿಸುವ ಫೋಟೋ ಹೊರಗೆ ಕಾಯಲಿ.
ಕಿಟಕಿ ಒಮ್ಮೆ ಅಲುಗಿದರೆ ನೂರು ಸಲ ಕೂಗುತ್ತದೆ,
ಮೆಜೆಸ್ಟಿಕ್ಕಿನ ಕಂಡಕ್ಟರನ ಹಾಗೆ
ಯಶವಂತಪುರ ಯಶವಂತಪುರ ಯಶವಂತಪುರ.
ಅದಕ್ಕೂ ಉಪಾಯ ಮಾಡಿದೆ:
ಸುಮ್ಮನಾದ ಮೇಲೆ ಕಾಲು ಸೆಕೆಂಡು ಕಾದು, ಆಮೇಲೆ ಅಳೆ.
ಅಳೆದು, ಪುಟವನ್ನು ಅಳಿಸು. ಹೊಸದಾಗಿ ಬರೆ.
ರಾತ್ರಿ ಹನ್ನೊಂದಕ್ಕೆ ಬ್ರೌಸರಿನ ಅಂಚು ಹಿಡಿದು
ಹಾರ್ಮೋನಿಯಂ ತಿದಿಯಂತೆ ಎಳೆದೆ, ಒತ್ತಿದೆ, ಎಳೆದೆ.
ಎಲ್ಲೂ ಅಪಸ್ವರವಿಲ್ಲ.

ಸೋಮವಾರ ಸಿಸ್ಟರ್ ಫೋನು:
“ಎಲ್ಲರಿಗೂ ಆಗ್ತಿದೆ ಮೇಡಂ, ನಮ್ಮ ಆಯಾಗೆ ಮಾತ್ರ ಇಲ್ಲ.
ಪಾಪ, ಅವಳಿಗೆ ಗೊತ್ತಾಗಲ್ಲ ಅನ್ಸುತ್ತೆ.”

ಮೆಟ್ರೊ ಹತ್ತಿ ಹೋದೆ.
ಗಂಗಹನುಮಕ್ಕ ಪೊರಕೆ ಗೋಡೆಗೆ ಒರಗಿಸಿ
ಕೈಯನ್ನು ಸೆರಗಿಗೆ ಒರೆಸಿ
ಫೋನು ತೆಗೆದಳು. ಬಲಗಡೆ ಮೇಲಿಂದ ಕೆಳಕ್ಕೆ ಒಂದು ಸೀಳು.
ಸೀಳಿನಾಚೆ ಎಷ್ಟು ಒತ್ತಿದರೂ ಗಾಜಿಗೆ ಕಿವಿಯಿಲ್ಲ.
ನನ್ನ ಸ್ಕ್ರಿಪ್ಟು ಕೇಳಿದಾಗ ಮಾತ್ರ ಆ ಫೋನು
ಪೂರ್ತಿ ಮುನ್ನೂರ ಅರವತ್ತು ಎನ್ನುತ್ತಿತ್ತು,
ಮನೆಯ ಕಷ್ಟ ಹೊರಗೆ ಹೇಳಬಾರದೆನ್ನುವವರ ಹಾಗೆ.

ಮಗಳ ಹೆಸರನ್ನು ಮೈಕಿಗೆ ಮೆತ್ತಗೆ ಹೇಳಿ ಬರೆಸಿದಳು: ರೇಣುಪ್ರಭಾ.
ಎಷ್ಟನೇ ತಿಂಗಳು, ಕೊನೆಯ ಸ್ಕ್ಯಾನು, ರಕ್ತದ ಗುಂಪು.
‘ಚೀಟಿ ಪಡೆಯಿರಿ’ ಇದ್ದದ್ದು ಬಲತುದಿಯಲ್ಲಿ, ಸತ್ತ ಪಟ್ಟಿಯೊಳಗೆ.
“ಹಿಂಗ್ ಅಡ್ಡ ಹಿಡಿದ್ರೆ ಸೀಳು ಮೇಲಕ್ಕೋಗುತ್ತೆ ನೋಡಿ.
ಗ್ಯಾಸ್ ಬುಕಿಂಗು, ಬಸ್ ಪಾಸು, ಎಲ್ಲಾದಕ್ಕೂ ಹಿಂಗೇ ಮಾಡೋದು ನಾನು.
ನಿಮ್ದೊಂದೇ
ಬರೆದಿದ್ನೆಲ್ಲ ತಿಂದ್ಬಿಡುತ್ತೆ.”

ತಿರುಗಿಸಿದಳು.
ಕಾಲು ಸೆಕೆಂಡು.
ಪುಟ ಬಂತು, ಹೊಸ ಅಗಲಕ್ಕೆ ಸರಿಯಾಗಿ,
ಒತ್ತಕ್ಷರಗಳ ಪಾದ ನೆಟ್ಟಗೆ,
ಖಾನೆಗಳೆಲ್ಲ ಖಾಲಿ.

ಬೆಂಚಿನ ಮೇಲೆ, ಎರಡು ದೊಡ್ಡ ಹೊಟ್ಟೆಗಳ ನಡುವೆ
ಲ್ಯಾಪ್‌ಟಾಪ್ ತೆರೆಯಲು ಜಾಗ ಮಾಡಿಕೊಟ್ಟರು.
ನಾಲ್ಕೇ ಸಾಲು:
ಅಳೆಯುವ ಮೊದಲು ಅವಳು ಬರೆದದ್ದನ್ನು ಎತ್ತಿಡು,
ಅಳೆದ ಮೇಲೆ ಎತ್ತಿಟ್ಟದ್ದನ್ನು ಮರಳಿಸು.
ಗುಂಡಿಯನ್ನೂ ಈ ಅಂಚಿನಿಂದ ಆ ಅಂಚಿಗೆ ಉದ್ದಕ್ಕೆ ಮಲಗಿಸಿದೆ.

ಇನ್ನು ತಿರುಗಿಸಬೇಕಾಗಿಲ್ಲ ಅಂದೆ.
ಅಭ್ಯಾಸಬಲ, ತಿರುಗಿಸಿಯೇ ಒತ್ತಿದಳು.
ರೇಣುಪ್ರಭಾ ಅಲ್ಲೇ ಇದ್ದಳು. ಟೋಕನ್ ಇಪ್ಪತ್ತೇಳು.

ಒಳಗಿನಿಂದ ಡಾಕ್ಟರಮ್ಮನ ದನಿ:
“ಅಲ್ರೀ, ಫೋನಿನಲ್ಲಿ ನನ್ನ ಫೋಟೋ ಯಾಕೆ ಬರ್ತಿಲ್ಲ?”
ಜಾಗ ಇಲ್ಲ ಮೇಡಂ, ಅಂದೆ.
ಗಂಗಹನುಮಕ್ಕ ಪೊರಕೆ ಎತ್ತಿಕೊಂಡು
ಆ ಕಡೆ ಮುಖ ಮಾಡಿ ನಕ್ಕಳು.